ಒಂದು ಕಿವಿಯ ಕಿವುಡು: ಉಳ್ಳವನಿಗೆ ಅವಸರ, ಇಲ್ಲದವನಿಗೆ ತಡ

ಗಿರಣಿಯಲ್ಲಿ 20 ವರ್ಷ ದುಡಿದವನಿಗೆ ಕಿವಿ ಮಂದವಾಗುವುದು ಸಹಜ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಜಾಬರ್ ಹೇಳುತ್ತಾನೆ, ಮ್ಯಾನೇಜರ್ ಹೇಳುತ್ತಾನೆ, ದವಾಖಾನೆಯಲ್ಲಿ ಚೀಟಿ ಬರೆಯುವ ಡಾಕ್ಟರೂ ಹೇಳುತ್ತಾನೆ. ಕೊನೆಗೆ ಕಿವಿ ಕಳೆದುಕೊಂಡವನೇ ಅದನ್ನು ಹೇಳಿಕೊಂಡು ನಗುತ್ತಾನೆ. ಈ 'ಸಹಜ' ಎಂಬ ಮಾತಿನ ಕೆಳಗೆ ಹೂತುಹೋಗಿರುವ ಒಂದು ರೋಗವನ್ನೂ, ಆ ರೋಗಕ್ಕಿರುವ ಒಂದು ಹೊಸ ಚಿಕಿತ್ಸೆಯ ನಿಜವಾದ ಫಲವನ್ನೂ ಓದುಗರ ಮುಂದೆ ಇಡಬೇಕೆಂದು ಈ ಲೇಖನ ಬರೆಯುತ್ತಿದ್ದೇವೆ. ಚಿಕಿತ್ಸೆ ಒಳ್ಳೆಯದು. ಆದರೆ ಅದು ಯಾರಿಗೆ ಯಾವ ಹೊತ್ತಿನಲ್ಲಿ ಸಿಗುತ್ತದೆ, ಅದನ್ನು ಮಾರುವವರು ಯಾವ ಮಾತನ್ನು ಹೇಳದೆ ಬಿಡುತ್ತಾರೆ ಎಂಬುದು ನಮ್ಮ ತಕರಾರು.

ಸದ್ದು ಎರಡೂ ಕಿವಿಗೆ ಹೊಡೆಯುತ್ತದೆ

ಮಗ್ಗದ ಖಾತೆಯ ಸದ್ದು ಕಿವಿಯನ್ನು ಕೊಲ್ಲುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಸದ್ದಿನಿಂದಾಗುವ ಕಿವುಡು 1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿಗೂ ಸೇರಿತ್ತು. 8 ಗಂಟೆಯ ಪಾಳಿಗೆ 90 ಡೆಸಿಬೆಲ್ ಮೀರಬಾರದೆಂಬ ನಿಯಮವೂ ಇತ್ತು. ನಿಯಮ ಗೋಡೆಯ ಮೇಲಿತ್ತು, ಸದ್ದು ಕಿವಿಯೊಳಗಿತ್ತು. ಆ ಜಗಳ ಬೇರೆ. ಅದನ್ನು ಬಿಟ್ಟುಕೊಡುವವರು ನಾವಲ್ಲ.

ಆದರೆ ಒಂದು ಮಾತನ್ನು ಪ್ರತಿಯೊಬ್ಬ ಕಾರ್ಮಿಕನೂ ನೆನಪಿನಲ್ಲಿಡಬೇಕು. ಯಂತ್ರದ ಸದ್ದಿಗೆ ಸಾಮಾನ್ಯವಾಗಿ ಎಡಬಲವೆಂಬ ಪಕ್ಷಪಾತವಿಲ್ಲ. ಅದು ಎರಡೂ ಕಿವಿಗಳನ್ನು ಹೆಚ್ಚುಕಡಿಮೆ ಸಮವಾಗಿ, ವರ್ಷಾನುಗಟ್ಟಲೆ ನಿಧಾನವಾಗಿ ತಿನ್ನುತ್ತದೆ. ಮೊದಲು ಹೋಗುವುದು ಕೀಚಲು ಸ್ವರ, 4000 ಹರ್ಟ್ಸ್ ಆಸುಪಾಸಿನದು. ಹೀಗಲ್ಲದೆ ಒಂದೇ ಕಿವಿ ಮಂದವಾದರೆ, ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸದೆ ಮಾತು ತಿಳಿಯದಂತಾದರೆ, ಸದ್ದು ಕೇಳಿದರೂ ಶಬ್ದ ಬಿಡಿಸಿ ತಿಳಿಯದೆ ಹೋದರೆ, ಒಂದೇ ಕಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗಿದಂತಾದರೆ, ಕತ್ತಲಲ್ಲಿ ನಡೆಯುವಾಗ ಕಾಲು ತಪ್ಪಿದಂತಾದರೆ, ಅದನ್ನು ಗಿರಣಿಯ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು.

ಒಳಗಿವಿಯಿಂದ ಮೆದುಳಿಗೆ ಹೋಗುವ ನರವೊಂದಿದೆ. ವೈದ್ಯರು ಅದನ್ನು 8ನೆಯ ಕಪಾಲ ನರ ಎನ್ನುತ್ತಾರೆ. ಅದರಲ್ಲಿ ಕೇಳುವ ಎಳೆಯೊಂದು, ದೇಹದ ಸಮತೋಲ ಕಾಯುವ ಎಳೆಯೊಂದು. ಸಮತೋಲದ ಎಳೆಗೆ ಹೊದಿಕೆಯಾಗಿರುವ ಶ್ವಾನ್ ಕಣಗಳು ಕೆಲವರಲ್ಲಿ ಅಂಕೆ ತಪ್ಪಿ ಬೆಳೆದು ಗೆಡ್ಡೆಯಾಗುತ್ತವೆ. ಹಿಂದೆ ಇದನ್ನು ಅಕೌಸ್ಟಿಕ್ ನ್ಯೂರೋಮಾ ಎನ್ನುತ್ತಿದ್ದರು. ಈಗ ವೆಸ್ಟಿಬ್ಯುಲರ್ ಶ್ವಾನೋಮಾ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ದೇಹದ ಬೇರೆಡೆಗೆ ಹಬ್ಬುವುದಿಲ್ಲ. ಆದ್ದರಿಂದ ಇದನ್ನು ಸೌಮ್ಯ ಗೆಡ್ಡೆ ಎನ್ನುತ್ತಾರೆ. ಆದರೆ ಸೌಮ್ಯ ಎಂಬುದು ಗೆಡ್ಡೆಯ ಗುಣಕ್ಕೆ ಹೇಳಿದ ಮಾತು, ಅದು ಕೂತ ಜಾಗಕ್ಕೆ ಹೇಳಿದ ಮಾತಲ್ಲ. ಅದು ಕೂತಿರುವುದು ಮೂಳೆಯ ಒಂದು ಇಕ್ಕಟ್ಟಾದ ಕೊಳವೆಯಲ್ಲಿ, ಮುಖದ ಸ್ನಾಯುಗಳನ್ನು ಆಡಿಸುವ ನರದ ಪಕ್ಕದಲ್ಲೇ. ಅಲ್ಲಿಂದ ಒಳಕ್ಕೆ ಬೆಳೆದರೆ ಮುಂದಿರುವುದು ಉಸಿರಾಟವನ್ನೂ ಪ್ರಜ್ಞೆಯನ್ನೂ ಕಾಯುವ ಮೆದುಳುಕಾಂಡ. ಬೆಳೆಯಲು ಬಿಟ್ಟರೆ ಮುಖ ಜೋಮು ಹಿಡಿಯುತ್ತದೆ, ನಡಿಗೆ ಕೆಡುತ್ತದೆ, ತಲೆಯೊಳಗೆ ನೀರು ತುಂಬುತ್ತದೆ, ಕಣ್ಣು ಹೋಗುತ್ತದೆ, ಕಡೆಗೆ ಪ್ರಾಣವೂ ಹೋಗುತ್ತದೆ.

ಯಾರೂ ಗಾಬರಿಯಾಗಬೇಕಾಗಿಲ್ಲ. ಒಂದು ಕಿವಿ ಮಂದವಾದವರಲ್ಲಿ ಈ ಗೆಡ್ಡೆ ಸಿಗುವುದು 100ಕ್ಕೆ ಕೆಲವೇ ಜನರಲ್ಲಿ. ಉಳಿದವರಿಗೆ ಗುಗ್ಗೆ ಕಟ್ಟಿರಬಹುದು, ಕಿವಿ ಸೋರಿ ತಮಟೆ ತೂತಾಗಿರಬಹುದು, ಬೇರೆ ಕಾರಣವಿರಬಹುದು. ಆದರೆ ಆ ಕೆಲವರು ಯಾರೆಂದು ಪರೀಕ್ಷೆ ಮಾಡದೆ ತಿಳಿಯುವುದಿಲ್ಲ. 'ಸಹಜ' ಎಂದು ಹೇಳಿ ಕಳಿಸುವವನು ಆ ಪರೀಕ್ಷೆಯ ಖರ್ಚನ್ನು ಉಳಿಸುತ್ತಿದ್ದಾನೆ, ಅಷ್ಟೆ.

ಅಲಗಿಲ್ಲದ ಕತ್ತಿ

ಈ ಗೆಡ್ಡೆಯನ್ನು ತೆಗೆಯಲು ತಲೆಬುರುಡೆ ತೆರೆಯಬೇಕು. 20ನೆಯ ಶತಮಾನದ ಆರಂಭದಲ್ಲಿ ಹಾಗೆ ತೆರೆಸಿಕೊಂಡವರಲ್ಲಿ ಬಹುಪಾಲು ಜನ ಬದುಕುತ್ತಿರಲಿಲ್ಲ. ಅಮೆರಿಕದ ಹಾರ್ವೆ ಕುಶಿಂಗ್ ಎಂಬ ಶಸ್ತ್ರವೈದ್ಯ ಗೆಡ್ಡೆಯ ಒಳಭಾಗವನ್ನಷ್ಟೇ ಕೆರೆದು ತೆಗೆದು ಸಾವನ್ನು ಬಹಳಷ್ಟು ತಗ್ಗಿಸಿದ. 1917ರಲ್ಲಿ ಅದರ ಬಗ್ಗೆ ಗ್ರಂಥವನ್ನೇ ಬರೆದ. 1960ರ ದಶಕದಲ್ಲಿ ವಿಲಿಯಂ ಹೌಸ್ ಸೂಕ್ಷ್ಮದರ್ಶಕ ಹಿಡಿದು ಕಿವಿಯ ಮೂಳೆಯ ಮೂಲಕ ದಾರಿ ಮಾಡಿದ ಮೇಲೆ ಮುಖದ ನರವನ್ನು ಉಳಿಸುವುದೂ ಸಾಧ್ಯವಾಗತೊಡಗಿತು. ಇಷ್ಟಾದರೂ ಅದು ದೊಡ್ಡ ಶಸ್ತ್ರಕ್ರಿಯೆಯೇ.

ಇದೇ ಕಾಲದಲ್ಲಿ ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಎಂಬ ಶಸ್ತ್ರವೈದ್ಯ ಇನ್ನೊಂದು ದಾರಿ ಹುಡುಕಿದ. ಬುರುಡೆಯನ್ನು ತೆರೆಯದೆ, ಹೊರಗಿನಿಂದ ವಿಕಿರಣದ ಎಳೆಗಳನ್ನು ಒಂದೇ ಬಿಂದುವಿಗೆ ಸೇರಿಸಿ ಹೊಡೆಯುವ ಯೋಚನೆಯನ್ನು 1951ರಲ್ಲೇ ಮುಂದಿಟ್ಟ. ಬೋರ್ಯೆ ಲಾರ್ಸನ್ ಎಂಬ ಭೌತವಿಜ್ಞಾನಿಯೊಡನೆ ಸೇರಿ ಮಾಡಿದ ಯಂತ್ರ 1968ರಲ್ಲಿ ಸ್ಟಾಕ್‌ಹೋಮಿನಲ್ಲಿ ಕೆಲಸಕ್ಕೆ ನಿಂತಿತು. 1969ರಲ್ಲಿ ಶ್ರವಣನರದ ಗೆಡ್ಡೆಗೆ ಮೊದಲ ಬಾರಿ ಅದನ್ನು ಪ್ರಯೋಗಿಸಲಾಯಿತು. ಇದೇ ಗಾಮಾ ನೈಫ್. ಹೆಸರಿನಲ್ಲಿ ಕತ್ತಿಯಿದೆ, ಕೈಯಲ್ಲಿ ಅಲಗಿಲ್ಲ.

ಅದರ ಕೆಲಸ ತಿಳಿಯಲು ಕಷ್ಟವೇನಿಲ್ಲ. ಕತ್ತಲ ಗೋದಾಮಿನಲ್ಲಿ ಸುತ್ತಲೂ 192 ಜನ ನಿಂತು ತಲಾ ಒಂದು ಸಣ್ಣ ಬ್ಯಾಟರಿಯನ್ನು ನೆಲದ ಒಂದೇ ಕಾಳಿನ ಮೇಲೆ ಬಿಟ್ಟರೆ ಹೇಗೋ ಹಾಗೆ. ಒಂದೊಂದು ಬೆಳಕೂ ಮಂಕು. ಎಲ್ಲ ಸೇರಿದ ಜಾಗ ಮಾತ್ರ ಪ್ರಖರ. ಈಗಿನ ಯಂತ್ರದಲ್ಲಿ ಕೋಬಾಲ್ಟ್-60ರ 192 ಮೂಲಗಳಿರುತ್ತವೆ. ತಲೆ ಅಲುಗದಂತೆ ಒಂದು ಚೌಕಟ್ಟು ಹಾಕಿ, ಎಂಆರ್‌ಐ ಚಿತ್ರ ನೋಡಿ ಲೆಕ್ಕ ಕಟ್ಟಿ, ಒಂದೇ ಬಾರಿಗೆ ವಿಕಿರಣ ಕೊಡುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಅಂದೇ ಅಥವಾ ಮರುದಿನ ಮನೆಗೆ ಹೋಗುತ್ತಾನೆ. ಲಿನಾಕ್ ಎಂಬ ಬೇರೆ ಬಗೆಯ ಯಂತ್ರದಿಂದಲೂ ಇದೇ ಕೆಲಸ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಅಂದರೆ ಜನರ ತೆರಿಗೆಯ ಹಣದಿಂದ ನಡೆಯುವ ಸಂಸ್ಥೆಯಲ್ಲಿ, ಗಾಮಾ ನೈಫ್ ಇದೆ. ಖಾಸಗಿಯವರ ಕೈಯಲ್ಲೂ ಇಂಥ ಯಂತ್ರಗಳಿವೆ.

ಜಮಾ ಎಷ್ಟು, ಖರ್ಚು ಎಷ್ಟು?

ಈಗ ಫಲದ ಮಾತು. ಅಂಗಡಿ ಇಟ್ಟುಕೊಂಡ ನಮ್ಮ ಓದುಗರಿಗೆ ಕಿರ್ದಿ ಬರೆಯುವುದು ಗೊತ್ತು. ಜಮಾ ಪುಟವನ್ನು ಮಾತ್ರ ತೋರಿಸಿ ಖರ್ಚಿನ ಪುಟವನ್ನು ಮುಚ್ಚುವ ಪಾಲುದಾರನನ್ನು ಅವರು ನಂಬುವುದಿಲ್ಲ. ಇಲ್ಲಿಯೂ ಎರಡು ಪುಟಗಳನ್ನೂ ತೆರೆಯಬೇಕು.

ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಅಮೆರಿಕದ ಪಿಟ್ಸ್‌ಬರ್ಗ್ ನಗರದ ವೈದ್ಯರು 1987ರಿಂದ 1992ರವರೆಗೆ ಈ ಚಿಕಿತ್ಸೆ ಕೊಟ್ಟ 162 ರೋಗಿಗಳ ವಿವರವನ್ನು 1998ರಲ್ಲಿ ಪ್ರಕಟಿಸಿದರು. ಜಮಾ ಪುಟ ದೊಡ್ಡದು: 100ಕ್ಕೆ 98 ಜನರಿಗೆ ಮುಂದೆ ಗೆಡ್ಡೆ ತೆಗೆಯುವ ಶಸ್ತ್ರಕ್ರಿಯೆ ಬೇಕಾಗಲಿಲ್ಲ. 100ಕ್ಕೆ 62ರಲ್ಲಿ ಗೆಡ್ಡೆ ಕುಗ್ಗಿತು, 33ರಲ್ಲಿ ಇದ್ದ ಹಾಗೇ ನಿಂತಿತು, 6ರಲ್ಲಿ ಸ್ವಲ್ಪ ಬೆಳೆಯಿತು. ಬುರುಡೆ ತೆರೆಯದೆ ಇಷ್ಟು ಸಾಧಿಸಿದ್ದು ಸಣ್ಣ ಮಾತಲ್ಲ. ಇದನ್ನು ಕಡೆಗಣಿಸುವವರು ವಿಜ್ಞಾನಕ್ಕೂ ರೋಗಿಗೂ ಅನ್ಯಾಯ ಮಾಡಿದಂತೆ.

ಖರ್ಚಿನ ಪುಟವನ್ನು ಅದೇ ವೈದ್ಯರು ಮುಚ್ಚಿಡಲಿಲ್ಲ. 5 ವರ್ಷಗಳ ಮೇಲೆ ಮುಖದ ಚಲನೆ ಸರಿಯಾಗಿದ್ದವರು 100ಕ್ಕೆ 79. ಮುಖದ ಸ್ಪರ್ಶ ಸರಿಯಾಗಿದ್ದವರು 73. ಕೇಳುವ ಶಕ್ತಿ ಬದಲಾಗದೆ ಉಳಿದವರು 51. ಆಗ ಕೊಡುತ್ತಿದ್ದ ವಿಕಿರಣದ ಪ್ರಮಾಣ ಗೆಡ್ಡೆಯ ಅಂಚಿನಲ್ಲಿ ಸರಾಸರಿ 16 ಗ್ರೇ. ಈ ನಷ್ಟವನ್ನು ಕಂಡೇ ವೈದ್ಯರು ಪ್ರಮಾಣವನ್ನು 12ರಿಂದ 13 ಗ್ರೇಗೆ ಇಳಿಸಿದರು. ಇಳಿಸಿದ ಮೇಲೂ ಗೆಡ್ಡೆಯ ಹಿಡಿತ 100ಕ್ಕೆ 90ರ ಮೇಲೆಯೇ ಉಳಿಯಿತು. ಮುಖ ಸೊಟ್ಟಗಾಗುವವರ ಸಂಖ್ಯೆ 100ಕ್ಕೆ 5ಕ್ಕಿಂತ ಕೆಳಗಿಳಿಯಿತು. ಖರ್ಚನ್ನು ಪ್ರಾಮಾಣಿಕವಾಗಿ ಬರೆದಿಟ್ಟದ್ದರಿಂದ ತಾನೇ ಈ ಸುಧಾರಣೆ ಆದದ್ದು?

ಆದರೆ ಕಿವಿಯ ಲೆಕ್ಕ ಅಷ್ಟು ಸುಲಭವಾಗಿ ಸುಧಾರಿಸಲಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 2013ರಲ್ಲಿ ಪ್ರಕಟಿಸಿದ ವಿವರ ನೋಡಿ. ಚಿಕಿತ್ಸೆಗೆ ಮುಂಚೆ ಉಪಯೋಗಕ್ಕೆ ಬರುವಷ್ಟು ಕಿವಿ ಕೇಳುತ್ತಿದ್ದ 44 ಜನರನ್ನು ಅವರು ಬಹುಕಾಲ ಗಮನಿಸಿದರು. 1 ವರ್ಷಕ್ಕೆ ಆ ಕಿವಿ ಉಳಿದದ್ದು 100ಕ್ಕೆ 80ರಲ್ಲಿ. 3 ವರ್ಷಕ್ಕೆ 55ರಲ್ಲಿ. 5 ವರ್ಷಕ್ಕೆ 48ರಲ್ಲಿ. 7 ವರ್ಷಕ್ಕೆ 38ರಲ್ಲಿ. 10 ವರ್ಷಕ್ಕೆ 23ರಲ್ಲಿ. ಮೊದಲ ವರ್ಷದ ಲೆಕ್ಕ ಹೇಳಿ ನಿಲ್ಲಿಸುವವನೂ ಸುಳ್ಳು ಹೇಳಿದಂತಾಗುವುದಿಲ್ಲ. ಆದರೆ ಅವನು ನಿಜವನ್ನೂ ಹೇಳಲಿಲ್ಲ.

ಇನ್ನೂ ಮೂರು ಮಾತುಗಳನ್ನು ರೋಗಿಗೆ ಮೊದಲೇ ಹೇಳಬೇಕು. ಒಂದು, ಈ ಚಿಕಿತ್ಸೆಯಿಂದ ಗೆಡ್ಡೆ ಹೊರಬರುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ. ಅದರ ಬೆಳೆಯುವ ಶಕ್ತಿ ಮಾತ್ರ ಮುರಿಯುತ್ತದೆ. ವೈದ್ಯರು 'ಹತೋಟಿ' ಎಂದು ಹೇಳುವುದನ್ನು ದಲ್ಲಾಳಿಗಳು 'ಗುಣ' ಎಂದು ಅನುವಾದಿಸುತ್ತಾರೆ. ಎರಡು, ಹೋದ ಕಿವಿ ತಿರುಗಿ ಬರುವುದಿಲ್ಲ. ಕಿವಿಯ ಮೊರೆತವೂ ತಲೆತಿರುಗುವುದೂ ನಿಂತೇ ನಿಲ್ಲುತ್ತವೆಂದು ಭರವಸೆ ಕೊಡಲು ಬರುವುದಿಲ್ಲ. ಮೂರು, ಮೊದಲ ಒಂದೂವರೆ ವರ್ಷದೊಳಗೆ ಕೆಲವರಲ್ಲಿ ಗೆಡ್ಡೆ ಊದಿಕೊಂಡು ಆಮೇಲೆ ಇಳಿಯುತ್ತದೆ. ಇದು ಗೊತ್ತಿಲ್ಲದವನು ಚಿತ್ರ ನೋಡಿ ಹೆದರಿ ಬೇಡದ ಶಸ್ತ್ರಕ್ರಿಯೆಗೆ ತಲೆ ಒಡ್ಡಬಹುದು. ಆದ್ದರಿಂದಲೇ ವರ್ಷಗಟ್ಟಲೆ ಎಂಆರ್‌ಐ ಕಾವಲು ಬೇಕು.

ನಾರ್ವೆಯವರು ಕೇಳಿದ ಪ್ರಶ್ನೆ

ಇಷ್ಟು ಹೇಳಿದ ಮೇಲೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಉಳಿಯುತ್ತದೆ. ಸಣ್ಣ ಗೆಡ್ಡೆ ಸಿಕ್ಕಿದ ಕೂಡಲೇ ವಿಕಿರಣ ಕೊಡಲೇಬೇಕೇ?

ಡೆನ್ಮಾರ್ಕಿನ ವೈದ್ಯರು 552 ರೋಗಿಗಳನ್ನು ಚಿಕಿತ್ಸೆ ಕೊಡದೆ ಕಾದು ನೋಡಿ 2006ರಲ್ಲಿ ವರದಿ ಕೊಟ್ಟಿದ್ದರು. ಮೂಳೆಯ ಕೊಳವೆಯೊಳಗೇ ಇದ್ದ ಗೆಡ್ಡೆಗಳಲ್ಲಿ ಬೆಳೆದದ್ದು 100ಕ್ಕೆ 17. ಕೊಳವೆಯಿಂದಾಚೆ ಬಂದವುಗಳಲ್ಲಿ ಬೆಳೆದದ್ದು 100ಕ್ಕೆ 29ರ ಸುಮಾರು. ಅಂದರೆ ಬಹುಪಾಲು ಗೆಡ್ಡೆಗಳು ಆ ಕಾವಲಿನ ಅವಧಿಯಲ್ಲಿ ಸುಮ್ಮನೆ ಕೂತಿದ್ದವು. ಕೂತದ್ದನ್ನು ಹೊಡೆದು 'ನಾವು ನಿಲ್ಲಿಸಿದೆವು' ಎಂದು ಹೇಳಿಕೊಳ್ಳುವುದು ಸುಲಭ.

ನಾರ್ವೆಯ ಬರ್ಗೆನ್ ನಗರದ ಹೌಕೆಲಾಂಡ್ ಆಸ್ಪತ್ರೆಯವರು ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದರು. ಹೊಸದಾಗಿ ಪತ್ತೆಯಾದ, 2 ಸೆಂಟಿಮೀಟರಿಗಿಂತ ಸಣ್ಣ ಗೆಡ್ಡೆಯ 100 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ವಿಕಿರಣ. ಇನ್ನೊಂದು ಗುಂಪಿಗೆ ಕಾವಲು ಮಾತ್ರ, ಬೆಳೆದರೆ ಆಗ ವಿಕಿರಣ. 4 ವರ್ಷದ ಫಲ 2023ರಲ್ಲಿ ಪ್ರಕಟವಾಯಿತು. ಕೂಡಲೇ ಚಿಕಿತ್ಸೆ ಪಡೆದವರಲ್ಲಿ ಗೆಡ್ಡೆ ಸರಾಸರಿ 100ರಿಂದ 87ಕ್ಕೆ ಕುಗ್ಗಿತ್ತು. ಕಾದವರಲ್ಲಿ 100ರಿಂದ 151ಕ್ಕೆ ಬೆಳೆದಿತ್ತು. ಗೆಡ್ಡೆಯ ಅಳತೆಯಲ್ಲಿ ಯಂತ್ರವೇ ಗೆದ್ದಿತು. ಆದರೆ ಕೇಳುವ ಶಕ್ತಿಯಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಕಾದವರಲ್ಲಿ 100ಕ್ಕೆ 42 ಮಂದಿಗೆ ನಡುವೆ ವಿಕಿರಣ ಕೊಡಬೇಕಾಯಿತು, 2 ಮಂದಿಗೆ ಶಸ್ತ್ರಕ್ರಿಯೆ ಆಯಿತು. 56 ಮಂದಿಗೆ 4 ವರ್ಷ ಮುಗಿದರೂ ಯಾವ ಚಿಕಿತ್ಸೆಯೂ ಬೇಕಾಗಿರಲಿಲ್ಲ.

ಈ ಪ್ರಶ್ನೆಯನ್ನು ಕೇಳಿದ್ದು ಸಾರ್ವಜನಿಕ ಆಸ್ಪತ್ರೆ ಎಂಬುದನ್ನು ಗಮನಿಸಿ. ಚಿಕಿತ್ಸೆ ಕೊಟ್ಟಷ್ಟೂ ಲಾಭ ಬರುವ ಜಾಗದಲ್ಲಿ 'ಕೊಡದಿದ್ದರೆ ಏನಾಗುತ್ತದೆ' ಎಂದು ಕೇಳುವ ಆಸಕ್ತಿ ಯಾರಿಗಿರುತ್ತದೆ? ಸಾಲ ಎತ್ತಿ ತಂದ ಯಂತ್ರದ ಕಂತು ತೀರಿಸಬೇಕಾದವನಿಗೆ ಕಾವಲು ಕಾಯುವ ರೋಗಿ ನಷ್ಟದ ಗಿರಾಕಿ. ಅದರ ಮೇಲೆ ಕೋಬಾಲ್ಟ್ ಸುಮ್ಮನೆ ಕೂರುವುದಿಲ್ಲ. 5 ವರ್ಷ ಚಿಲ್ಲರೆಯಲ್ಲಿ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಯಂತ್ರ ಖಾಲಿ ಬಿದ್ದ ದಿನವೆಲ್ಲ ಬಂಡವಾಳ ಕರಗುತ್ತದೆ. ಹೀಗಿರುವಾಗ 'ಕತ್ತಿಯಿಲ್ಲ, ರಕ್ತವಿಲ್ಲ, ಒಂದೇ ದಿನದಲ್ಲಿ ಮನೆಗೆ' ಎಂಬ ಫಲಕ ಏಳುವುದೇಕೆಂದು ಬಿಡಿಸಿ ಹೇಳಬೇಕೇ?

ಕಿರಾಣಿ ಅಂಗಡಿಯ ಒಬ್ಬ ವ್ಯಾಪಾರಿಗೆ ಬಟಾಣಿ ಕಾಳಿನಷ್ಟು ಗೆಡ್ಡೆ ಸಿಕ್ಕಿತೆಂದಿಟ್ಟುಕೊಳ್ಳಿ. 'ಮೆದುಳಿನ ಗೆಡ್ಡೆ' ಎಂಬ ಎರಡು ಶಬ್ದ ಕೇಳಿದೊಡನೆ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಹೆಂಡತಿಯ ಒಡವೆ ಅಡವಿಗೆ ಹೋಗುತ್ತದೆ, ಅಂಗಡಿಯ ಸರಕು ಬಂದ ಬೆಲೆಗೆ ಹೋಗುತ್ತದೆ, ಬಡ್ಡಿಗೆ ಕೈಗಡ ಬರುತ್ತದೆ. 'ಆರು ತಿಂಗಳು ಕಾದು ಇನ್ನೊಂದು ಚಿತ್ರ ತೆಗೆಸಿ ನೋಡೋಣ, ಅವಸರವಿಲ್ಲ' ಎಂಬ ಒಂದು ಮಾತು ಆ ಮನೆಯನ್ನು ಉಳಿಸಬಹುದಿತ್ತು. ಆ ಮಾತಿಗೆ ಬೆಲೆಯಿಲ್ಲ. ಬೆಲೆಯಿಲ್ಲದ್ದರಿಂದಲೇ ಅದನ್ನು ಹೇಳುವವರು ಕಡಿಮೆ.

ತಡವಾಗಿ ಬಂದವನ ಗತಿ

ಇನ್ನೊಂದು ಕಡೆ ನೋಡಿ. ಮಗ್ಗದ ಖಾತೆಯ ಕಾರ್ಮಿಕನೊಬ್ಬನಿಗೆ ಇದೇ ಗೆಡ್ಡೆ ಇದೆ ಎಂದುಕೊಳ್ಳಿ. ಮೊದಲು ಅವನ ಎಡಗಿವಿ ಮಂದವಾಯಿತು, ಸಹಜ ಎಂದರು. ಮೊರೆತ ಬಂತು, ಹನಿ ಔಷಧ ಕೊಟ್ಟರು. ತೂರಾಡತೊಡಗಿದ, ಕುಡಿದಿದ್ದಾನೆಂದು ಗೇಟಿನಿಂದ ವಾಪಸು ಕಳಿಸಿದರು. ಕೆನ್ನೆ ಜೋಮು ಹಿಡಿಯಿತು, ಹಲ್ಲು ಕೀಳಿಸಿಕೊಂಡ. ತಲೆನೋವು ತಡೆಯಲಾರದೆ ವಾಂತಿ ಮಾಡಿಕೊಂಡು ಬಿದ್ದ ದಿನ ಸ್ಕ್ಯಾನ್ ಆಯಿತು. ಅಷ್ಟು ಹೊತ್ತಿಗೆ ಗೆಡ್ಡೆ ನಿಂಬೆಹಣ್ಣಿನಷ್ಟಾಗಿತ್ತು.

ಅವನಿಗೆ ಗಾಮಾ ನೈಫ್ ಎದುರಿಗಿದ್ದರೂ ಪ್ರಯೋಜನವಿಲ್ಲ. ಗೆಡ್ಡೆ 3 ಸೆಂಟಿಮೀಟರ್ ದಾಟಿ ಮೆದುಳುಕಾಂಡವನ್ನು ಒತ್ತುತ್ತಿದ್ದರೆ ಸಾಮಾನ್ಯವಾಗಿ ಬುರುಡೆ ತೆರೆಯಲೇಬೇಕು. ದೊಡ್ಡ ಗೆಡ್ಡೆಯನ್ನು ತೆಗೆಯುವಾಗ ಮುಖದ ನರಕ್ಕೆ ಪೆಟ್ಟಾಗುವ ಭಯ ಹೆಚ್ಚು. ನುರಿತ ಶಸ್ತ್ರವೈದ್ಯರು ನರಕ್ಕೆ ಅಂಟಿದ ಚೂರನ್ನು ಬಿಟ್ಟು, ಆ ಚೂರಿಗೆ ಆಮೇಲೆ ವಿಕಿರಣ ಕೊಡುವುದುಂಟು. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ಶಸ್ತ್ರವೈದ್ಯರು ಮತ್ತೆ ಮತ್ತೆ ಬರೆದಿರುವ ಮಾತೇ ಇದು: ಹೊರದೇಶಗಳಲ್ಲಿ ರೋಗಿ ಸಣ್ಣ ಗೆಡ್ಡೆಯೊಡನೆ ಬರುತ್ತಾನೆ, ಇಲ್ಲಿ ದೊಡ್ಡ ಗೆಡ್ಡೆಯೊಡನೆ ಬರುತ್ತಾನೆ.

ಈ ಕಾರಣದಿಂದಲೇ ನಾವು ಹೇಳುತ್ತೇವೆ: 100ಕ್ಕೆ 98 ಎಂಬ ಲೆಕ್ಕ ಯಂತ್ರ ಒಂದರದೇ ಲೆಕ್ಕವಲ್ಲ, ಹೊತ್ತಿಗೆ ಸರಿಯಾಗಿ ಪತ್ತೆಯಾದವರ ಲೆಕ್ಕ. ಪಿಟ್ಸ್‌ಬರ್ಗಿನ ಅಂಕಿಯನ್ನು ಇಲ್ಲಿಯ ಜಾಹೀರಾತಿನಲ್ಲಿ ಅಚ್ಚು ಹಾಕುವ ಮುಂಚೆ ಪಿಟ್ಸ್‌ಬರ್ಗಿನವನಿಗೆ ಸಿಗುವ ಸ್ಕ್ಯಾನನ್ನು ಇಲ್ಲಿಯವನಿಗೆ ಕೊಡಿ. ಒಂದೇ ರೋಗಕ್ಕೆ ಉಳ್ಳವನು ಬೇಕಾದ್ದಕ್ಕಿಂತ ಮುಂಚೆ ಯಂತ್ರದೊಳಗೆ ಹೋಗುತ್ತಾನೆ, ಇಲ್ಲದವನು ಯಂತ್ರಕ್ಕೂ ಮೀರಿದ ಮೇಲೆ ಬಾಗಿಲಿಗೆ ಬರುತ್ತಾನೆ. ಇಬ್ಬರನ್ನೂ ಹಾಳು ಮಾಡುವುದು ಒಂದೇ ವ್ಯವಸ್ಥೆ: ಹಣ ಇದ್ದಲ್ಲಿ ಚಿಕಿತ್ಸೆ, ಹಣ ಇಲ್ಲದಲ್ಲಿ 'ಸಹಜ'.

'ಲಕ್ಷಕ್ಕೊಬ್ಬ' ಎನ್ನುವವರಿಗೆ

ಅಧಿಕಾರಿಗಳು ಇದಕ್ಕೆ ಹೇಳುವ ಉತ್ತರ ನಮಗೆ ಗೊತ್ತಿದೆ. ಇದು ವರ್ಷಕ್ಕೆ ಲಕ್ಷಕ್ಕೊಬ್ಬನಿಗೆ ಬರುವ ರೋಗ, ಇದಕ್ಕಾಗಿ ಖಜಾನೆ ತೆರೆಯುವುದೆಂತು ಎಂದು. ಒಳ್ಳೆಯದು, ಅವರ ಲೆಕ್ಕವನ್ನೇ ಹಿಡಿಯೋಣ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಲಕ್ಷಕ್ಕೊಬ್ಬನೆಂದರೂ ವರ್ಷಕ್ಕೆ 600 ಜನ. 10 ವರ್ಷಕ್ಕೆ 6000 ಜನ. ಇಷ್ಟು ಜನ ಒಂದೇ ದಿನ ವಿಧಾನಸೌಧದ ಮುಂದೆ ಕೂತರೆ ಆಗಲೂ ಅಪರೂಪದ ರೋಗ ಎನ್ನುತ್ತಾರೆಯೇ?

ಮೇಲಾಗಿ ನಾವು ಕೇಳುತ್ತಿರುವ ಮೊದಲ ಪರೀಕ್ಷೆ ಈ ಗೆಡ್ಡೆಗೆ ಮಾತ್ರ ಅಲ್ಲ. ಎರಡು ಕಿವಿಗಳನ್ನೂ ಬೇರೆಬೇರೆಯಾಗಿ ಅಳೆಯುವ ಶ್ರವಣ ಪರೀಕ್ಷೆಯಿಂದ ಸದ್ದಿನ ಕಿವುಡೂ ಗೊತ್ತಾಗುತ್ತದೆ, ಸೋರುವ ಕಿವಿಯೂ ಗೊತ್ತಾಗುತ್ತದೆ, ಗೆಡ್ಡೆಯ ಸುಳಿವೂ ಸಿಗುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲೇ ಇದೆ. ಇಂಥ ಪರೀಕ್ಷೆ ಮಾಡುವವರನ್ನು ತಯಾರು ಮಾಡುವುದೇ ಅದರ ಕೆಲಸ. ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮವೆಂದು 2007ರಲ್ಲಿ 25 ಜಿಲ್ಲೆಗಳಲ್ಲಿ ಆರಂಭಿಸಿದ್ದೂ ಉಂಟು. ಕೆಲವು ಜಿಲ್ಲಾ ಆಸ್ಪತ್ರೆಗಳಿಗೆ ಎಂಆರ್‌ಐ ಯಂತ್ರವೂ ಬಂದಿದೆ. ಕಲಿತವರಿದ್ದಾರೆ, ಕಾಗದವಿದೆ, ಅಲ್ಲಲ್ಲಿ ಯಂತ್ರವೂ ಇದೆ. ಇಲ್ಲದಿರುವುದು ಕಾರ್ಮಿಕನ ಕಿವಿಯಿಂದ ಆ ಯಂತ್ರದವರೆಗಿನ ದಾರಿ.

ಸರಕಾರದ ವಿಮೆಯ ಮಾತೂ ಬರುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ಖರ್ಚು ಕೊಡುವುದೆಂದಾಯಿತು. ನಾವು ಅದನ್ನು ಹಳಿಯುವುದಿಲ್ಲ. ಆದರೆ ಅದು ಕಟ್ಟಿದ್ದು ಆಸ್ಪತ್ರೆಯಲ್ಲಿ ಮಲಗಿದವನಿಗಾಗಿ. ಮಲಗುವ ಮುಂಚಿನ 3 ದಿನ, ಬಿಟ್ಟ ಮೇಲಿನ 15 ದಿನ, ಇಷ್ಟರ ಖರ್ಚು ಅದರ ಲೆಕ್ಕ. ಈ ಗೆಡ್ಡೆಗೆ ಬೇಕಾದ ಕಾವಲು 15 ದಿನದ್ದಲ್ಲ, 10 ವರ್ಷದ್ದು. ಒಂದು ಸ್ಕ್ಯಾನಿಗೆ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಜತೆಗೆ ಬಂದವನ ಕೂಲಿ. ಮೂರನೆಯ ವರ್ಷಕ್ಕೆ ಕಾರ್ಮಿಕ ಸ್ಕ್ಯಾನ್ ಬಿಡುತ್ತಾನೆ, ನೆಟ್ಟಗಿದ್ದೇನಲ್ಲ ಎನ್ನುತ್ತಾನೆ. ಕಾದು ನೋಡುವ ಚಿಕಿತ್ಸೆ ಕಾಯುವ ಶಕ್ತಿ ಇದ್ದವನಿಗೆ ಚಿಕಿತ್ಸೆ. ಇಲ್ಲದವನಿಗೆ ಅದು ಕೈಬಿಟ್ಟ ಹಾಗೆ. ಇಎಸ್‌ಐ ಚೀಟಿ ಇದ್ದವನಿಗೆ ಒಂದು ಬಾಗಿಲಾದರೂ ಇದೆ. ತಕ್ಕಡಿ ಹಿಡಿದು ಕೂತ ಸಣ್ಣ ವ್ಯಾಪಾರಿಗೆ ಅದೂ ಇಲ್ಲ.

ತಪ್ಪು ನಮ್ಮದೂ ಇದೆ. ಬೋನಸ್ಸಿಗಾಗಿ, ತುಟ್ಟಿಭತ್ಯೆಗಾಗಿ ಗೇಟಿನ ಮುಂದೆ ಕೂತ ನಾವು ಶ್ರವಣ ಪರೀಕ್ಷೆಯ ಕಾಗದವನ್ನು ಎಂದಾದರೂ ಬೇಡಿಕೆಯ ಪಟ್ಟಿಯಲ್ಲಿ ಮೊದಲು ಬರೆದೆವೇ? ಬರೆದರೂ ಕೊನೆಯದಾಗಿ ಬರೆದೆವು, ಮಾತುಕತೆಯಲ್ಲಿ ಮೊದಲು ಬಿಟ್ಟುಕೊಟ್ಟದ್ದೂ ಅದನ್ನೇ. ಕಿವಿ ಹೋಗುವುದು ಸಹಜ ಎಂಬ ಧಣಿಗಳ ಮಾತನ್ನು ನಾವೂ ಒಪ್ಪಿಕೊಂಡಿದ್ದೆವು.

ನಾವು ಕೇಳುವುದು

ಒಂದು: ಗಿರಣಿಗಳಲ್ಲಿ ವರ್ಷಕ್ಕೊಮ್ಮೆ ಎರಡೂ ಕಿವಿಗಳನ್ನು ಬೇರೆಬೇರೆಯಾಗಿ ಅಳೆಯಬೇಕು, ಅದರ ಕಾಗದದ ಪ್ರತಿ ಕಾರ್ಮಿಕನ ಕೈಗೆ ಬರಬೇಕು. ಎರಡು: ಒಂದೇ ಕಿವಿ ಮಂದವಾದವನನ್ನು ತಿಂಗಳೊಳಗೆ ಶುಲ್ಕವಿಲ್ಲದೆ ಸ್ಕ್ಯಾನಿಗೆ ಕಳಿಸಬೇಕು, ಆ ದಿನದ ಕೂಲಿ ಕಡಿಯಬಾರದು. ಇದೇ ಸೌಲಭ್ಯ ಜಿಲ್ಲಾ ಆಸ್ಪತ್ರೆಯಲ್ಲಿ ಅಂಗಡಿಕಾರನಿಗೂ ಸಿಗಬೇಕು. ಮೂರು: ವಿಕಿರಣ ಕೊಡುವ ಯಾವ ಆಸ್ಪತ್ರೆಯೇ ಆಗಲಿ, ಮೊದಲೇ ಕನ್ನಡದಲ್ಲಿ ಬರೆದು ಕೊಡಬೇಕು: ಗೆಡ್ಡೆಯ ಹತೋಟಿ ಎಷ್ಟು, ಮುಖದ ಅಪಾಯ ಎಷ್ಟು, 5 ವರ್ಷಕ್ಕೆ ಮತ್ತು 10 ವರ್ಷಕ್ಕೆ ಕಿವಿ ಉಳಿಯುವುದು ಎಷ್ಟು, ಕಾದು ನೋಡಬಹುದೇ ಇಲ್ಲವೇ. ನಾಲ್ಕು: ಕಾವಲಿನ ಸ್ಕ್ಯಾನುಗಳು 10 ವರ್ಷ ಸರಕಾರಿ ಯೋಜನೆಯೊಳಗೆ ಬರಬೇಕು. ಐದು: ಸಾರ್ವಜನಿಕ ಆಸ್ಪತ್ರೆಯ ವಿಕಿರಣ ಯಂತ್ರಕ್ಕೆ ಎಷ್ಟು ಜನ, ಎಷ್ಟು ದಿನದಿಂದ ಕಾಯುತ್ತಿದ್ದಾರೆಂಬುದನ್ನು ಪ್ರಕಟಿಸಬೇಕು; ಸಾಲು ಉದ್ದವಾಗಿದ್ದರೆ ಇನ್ನೊಂದು ಯಂತ್ರವನ್ನು ಸಾರ್ವಜನಿಕ ಆಸ್ಪತ್ರೆಯಲ್ಲೇ ಇಡಬೇಕು.

ಇದರಲ್ಲಿ ಯಾವುದೂ ಆಕಾಶದ ಚಂದ್ರನಲ್ಲ. ಮೊದಲ ಬೇಡಿಕೆಗೆ ಬೇಕಾದದ್ದು ಸದ್ದಿಲ್ಲದ ಒಂದು ಕೋಣೆ, ಒಂದು ಪೆಟ್ಟಿಗೆಯಷ್ಟು ಯಂತ್ರ, ಅದನ್ನು ಬಲ್ಲ ಒಬ್ಬ ಮನುಷ್ಯ.

ಸರಕಾರ ಏಳುವವರೆಗೆ ನಾವು ಮಲಗಿರಬೇಕಾಗಿಲ್ಲ. ಇಂದು ಪಾಳಿ ಮುಗಿಸಿ ಮನೆಗೆ ಹೋದ ಮೇಲೆ, ಅಂಗಡಿಯ ಬಾಗಿಲು ಹಾಕಿದ ಮೇಲೆ, ಫೋನನ್ನು ಒಂದು ಕಿವಿಗೆ ಹಿಡಿದು ಕೇಳಿ. ಆಮೇಲೆ ಇನ್ನೊಂದಕ್ಕೆ ಹಿಡಿದು ಕೇಳಿ. ಎರಡೂ ಒಂದೇ ಸಮನಾಗಿ ಕೇಳಿದರೆ ಸಂತೋಷ. ಒಂದರಲ್ಲಿ ಮಾತು ಬಿಡಿಸಿ ತಿಳಿಯದಿದ್ದರೆ ಆ ದಿನವನ್ನು ಬರೆದಿಟ್ಟುಕೊಂಡು ಕಿವಿಯ ವೈದ್ಯರ ಬಳಿಗೆ ಹೋಗಿ. 'ಸಹಜ' ಎಂದರೆ, ಪರೀಕ್ಷೆ ಮಾಡಿ ಹೇಳಿ ಎಂದು ಕೇಳಿ. ಒಬ್ಬನೇ ಕೇಳಲು ಸಂಕೋಚವಾದರೆ ನಾಲ್ಕು ಜನ ಜತೆಗೆ ಹೋಗಿ. ನಮ್ಮ ಕಚೇರಿಗೂ ಬಂದು ಹೇಳಿ. ಎಷ್ಟು ಜನರನ್ನು ಪರೀಕ್ಷೆಯಿಲ್ಲದೆ ತಿರುಗಿ ಕಳಿಸಿದರೆಂಬ ಲೆಕ್ಕವನ್ನು ನಾವು ಬರೆದಿಡುತ್ತೇವೆ. ಮುಂದಿನ ಮಾತುಕತೆಯ ಮೇಜಿನ ಮೇಲೆ ಆ ಲೆಕ್ಕ ಇರುತ್ತದೆ, ಈ ಸಲ ಪಟ್ಟಿಯ ಕೊನೆಯಲ್ಲಲ್ಲ.